ಅಕ್ಕನ ಹುಳುಕಡ್ಡಿ, ನನ್ನ ಎಲೆಯ ಸಾರ

ನವೆಂಬರ್ ೧೪, ಶುಕ್ರವಾರ

ಅಕ್ಕನಿಗೆ ಬೇಡ ಎಂದದ್ದು ಇನ್ನೂ ಕೊರೆಯುತ್ತಿದೆ. ಯಾವ ಮುಲಾಮಿಗೂ ಬಗ್ಗದ ಅವಳ ಹುಳುಕಡ್ಡಿಯ ಶಿಲೀಂಧ್ರವನ್ನು ನಮ್ಮ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬೆಳೆಸಿ, ಒಂದು ಕಡೆ ನಾನು ಪರೀಕ್ಷಿಸುತ್ತಿರುವ ಕಾಡುಗಿಡದ ಎಲೆಯ ಸಾರ ಹಾಕಿಟ್ಟಿದ್ದೆ. ಇವತ್ತು ನೋಡಿದರೆ ಸಾರದ ಸುತ್ತ ಒಂದು ಎಳೆಯೂ ಬೆಳೆದಿಲ್ಲ! ಪಕ್ಕದಲ್ಲಿ ಅಂಗಡಿಯ ಔಷಧ ಹಾಕಿದ ಕಡೆ ಮಾತ್ರ ಹತ್ತಿಯಂತೆ ಹಬ್ಬಿತ್ತು. ನಾನು ಕುಣಿಯುವುದೊಂದು ಬಾಕಿ.

ಮನೆಗೆ ಬಂದು ಹೇಳಿದ್ದೇ ತಡ, ಅಕ್ಕ ಕೈ ಚಾಚಿದಳು. “ಕೊಡು, ಈಗ್ಲೇ ಹಚ್ಕೋತೀನಿ.”

“ಬೇಡಕ್ಕಾ. ತಟ್ಟೇಲಿ ಫಿನಾಯಿಲ್ ಹಾಕಿದ್ರೂ ಅದು ಸಾಯುತ್ತೆ. ನಿನ್ನ ಚರ್ಮ ಸುಟ್ರೆ? ಪರೀಕ್ಷೆ ಇನ್ನೂ ಬೇಕಾದಷ್ಟಿದೆ.”

ಮುಖ ಊದಿಸಿಕೊಂಡು ಮೊಣಕೈ ಕೆರೆದುಕೊಂಡಳು. ಆಮೇಲೆ ತಾನೇ ನಕ್ಕಳು.

“ಹೋಗ್ಲಿ ಬಿಡು. ನನ್ನನ್ನ ಇಷ್ಟು ಗೋಳು ಹೊಯ್ಕೊಂಡಿದ್ದು ಒಂದು ಎಲೆಗೆ ಹೆದರ್ತಲ್ಲ, ಇವತ್ತಿಗೆ ಅಷ್ಟು ಸಾಕು.”

ಅದನ್ನು ನೆನೆದು ಒಬ್ಬಳೇ ನಗುತ್ತಿದ್ದೇನೆ. ನಾಳೆ ಬೇಗ ಹೋಗಿ ಮತ್ತೊಂದು ತಟ್ಟೆ ಇಟ್ಟು, ಇದೇ ಫಲ ಬರುತ್ತದೋ ನೋಡಬೇಕು.