ನೀಲಿ ಬಟ್ಟೆ ಕಟ್ಟದ ಸೊಸೆ

ಮಾರ್ಚ್ ೧೨, ಮಂಗಳವಾರ

ಕೈ ನಡುಕ ಕಡಿಮೆಯಾಗಲಿ ಎಂದು ಡಾಕ್ಟರು ದಿನಾ ಒಂದು ಪುಟ ಬರೆಯಲು ಹೇಳಿದ್ದಾರೆ. ನಾಲ್ಕನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನಿಗೆ ಈ ವಯಸ್ಸಿನಲ್ಲಿ ಇದೆಂಥ ಶಿಕ್ಷೆ.

ಸಂಜೆ ಗ್ಯಾರೇಜಿನಲ್ಲಿ ಎಲ್ಲರೂ ಕೂತು ಟಿವಿಯಲ್ಲಿ ಫುಟ್ಬಾಲ್ ನೋಡಿದೆವು. ನಮ್ಮ ನೀಲಿ ತಂಡಕ್ಕೆ ಎದುರು ಸೊಸೆಯ ತವರಿನ ಕೆಂಪು ತಂಡ. ಆಟ ನೋಡುವವರೆಲ್ಲ ಕೈಗೆ ನೀಲಿ ಬಟ್ಟೆ ಕಟ್ಟುವುದು ನಮ್ಮಲ್ಲಿ ರೂಢಿ. ನಮ್ಮ ಗ್ಯಾರೇಜಿನಲ್ಲೇ ವೆಲ್ಡಿಂಗ್ ಮಾಡುವ ಸೊಸೆ ಮಾತ್ರ ಕಟ್ಟಲಿಲ್ಲ.

"ಗಂಡನ ಮನೆ ಊಟ ತಿಂತೀಯ, ಕಟ್ಕೊಳ್ಳಮ್ಮ" ಎಂದ ನಮ್ಮ ಗ್ಯಾರೇಜಿನ ಮೇಸ್ತ್ರಿ.

"ಆ ಅಡುಗೆ ಮಾಡೋಳೂ ನಾನೇ ಅಣ್ಣ. ನೀವು ಬಂದ್ರೆ ನಿಮಗೂ ಬಡಿಸ್ತೀನಿ, ಬಟ್ಟೆ ಬಣ್ಣ ಕೇಳಲ್ಲ."

ಮೇಸ್ತ್ರಿಯ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಕೊನೆಯಲ್ಲಿ ಕೆಂಪಿನವರು ಹೊಡೆದ ಚೆಂಡನ್ನು ನಮ್ಮ ಗೋಲ್‌ಕೀಪರ್ ಹಾರಿ ಹಿಡಿದ; ಸೊಸೆಯ ತಂಡ ಸೋತಿತು. ಮೊದಲು ಚಪ್ಪಾಳೆ ತಟ್ಟಿದವಳು ಇವಳು. ಕಣ್ಣಲ್ಲಿ ನೀರು, ಆದರೂ ತಟ್ಟುತ್ತಲೇ ಇದ್ದಳು. ಇಷ್ಟು ವರ್ಷ ಆಟ ನೋಡಿದ್ದೇನೆ, ಎದುರಿನವನಿಗೆ ಹಾಗೆ ಚಪ್ಪಾಳೆ ತಟ್ಟಲು ನನ್ನ ಕೈಯಲ್ಲಿ ಆಗಿಲ್ಲ. ನಾನು ಸಾಯುವವರೆಗೂ ನೀಲಿಯೇ. ಗುಂಡಿಗೆ ಅಂದರೆ ಮಾತ್ರ ಆ ಹುಡುಗಿಯದು.

ಭಾನುವಾರ ಇದೇ ತಂಡಗಳ ಮರುಪಂದ್ಯಕ್ಕೆ ಮೈದಾನಕ್ಕೇ ಹೊರಟಿದ್ದೇವೆ. ವ್ಯಾನು ಗೊತ್ತು ಮಾಡಿದ ಮೇಸ್ತ್ರಿ, ಬಟ್ಟೆ ಕಟ್ಟದವರಿಗೆ ಅದರಲ್ಲಿ ಜಾಗ ಇಲ್ಲ ಎಂದ.

"ನೀನಾದ್ರೂ ಹೇಳಣ್ಣ ಅವಳಿಗೆ" ಎಂದು ಎಲ್ಲರೂ ನನ್ನ ಕಡೆ ತಿರುಗಿದರು.

"ಅವಳಿಗಿಲ್ಲದ ಸೀಟು ನನಗೂ ಬೇಡ" ಎಂದೆ. ಅಷ್ಟು ವರ್ಷದ ಗೆಳೆಯರು, ಒಬ್ಬೊಬ್ಬರಾಗಿ ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದರು. ಅದು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ.

ಚುಚ್ಚಲಿ. ನಾಳೆ ಹೋಗಿ ಮೇಸ್ತ್ರಿಗೆ ಇಷ್ಟೇ ಹೇಳುತ್ತೇನೆ: ಇಬ್ಬರಿಗೂ ಸೀಟು ಇದೆಯೋ ಇಲ್ಲವೋ, ಶುಕ್ರವಾರ ಸಂಜೆಯೊಳಗೆ ಉತ್ತರ ಬೇಕು.