ಆರುನೂರ ನಲವತ್ತು ಹೆಜ್ಜೆ

ಮನೆಯಿಂದ, ಮಹಡಿ ಕೋಣೆ
ಭಾನುವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅಪ್ಪಾ,

ಹೇಗಿದ್ದೀಯಾ? ಮಂಡಿನೋವು ಹೇಗಿದೆ? ಹೊಸ ಕನ್ನಡಕ ಮಾಡಿಸಿಕೊಂಡೆಯಾ, ಇಲ್ಲ ಹಳೆಯದಕ್ಕೇ ದಾರ ಸುತ್ತಿಕೊಂಡು ಕಾಲ ತಳ್ಳುತ್ತಿದ್ದೀಯಾ? ಅತ್ತೆಯನ್ನು ಕೇಳಿದರೆ, "ನಿಮ್ಮಪ್ಪನಿಗೇನು, ಮೂರು ಹೊತ್ತು ಊಟ, ದಿನಕ್ಕೆ ಮೂರು ಮಾತು, ಗುಂಡುಕಲ್ಲಿನ ಹಾಗಿದ್ದಾನೆ" ಎನ್ನುತ್ತಾರೆ. ಅವರ ಹೊಲಿಗೆ ಅಂಗಡಿಯಲ್ಲಿ ಕೂತು ಗುಂಡಿಗಳನ್ನು ಅಳತೆ ನೋಡಿ, ಬಣ್ಣ ನೋಡಿ, ತೂತು ಎರಡೋ ನಾಲ್ಕೋ ನೋಡಿ ಬೇರೆಬೇರೆ ಡಬ್ಬಿಗೆ ತುಂಬುತ್ತಿದ್ದೀಯಂತೆ. ಮೂವತ್ತು ವರ್ಷ ಹೊಳೆಯ ಕಲ್ಲು ವಿಂಗಡಿಸಿದ ಕೈಗೆ ಗುಂಡಿಯಾದರೂ ಸಿಕ್ಕಿತಲ್ಲ ಎಂದು ನಕ್ಕೆ. ನಕ್ಕ ಮೇಲೆ ಸ್ವಲ್ಪ ಹೊತ್ತು ಯಾವ ಕೆಲಸವನ್ನೂ ಮಾಡಲಾಗಲಿಲ್ಲ. ಫೋನ್ ಮಾಡಿದಾಗಲೆಲ್ಲ "ಊಟ ಆಯ್ತಾ? ಹುಷಾರು. ಅತ್ತೆಗೆ ಕೊಡ್ತೀನಿ" ಎಂದು ದಾಟಿಸಿಬಿಡುತ್ತೀಯ. ಅದಕ್ಕೇ ಈ ಪತ್ರ. ಶಾಲೆಯಲ್ಲಿ "ನೀವು", ಮನೆಯಲ್ಲಿ "ನೀನು" ಎಂದು ಚಿಕ್ಕಂದಿನಲ್ಲಿ ನೀನೇ ನನಗೆ ಕಟ್ಟಪ್ಪಣೆ ಮಾಡಿದ್ದೆ. ಇದರಲ್ಲಿ ಶಾಲೆಯ ವಿಷಯವೇ ಜಾಸ್ತಿ. ಆದರೂ ಮನೆಯ ಮಾತಿನಲ್ಲೇ ಬರೆಯುತ್ತೇನೆ, ಸಹಿಸಿಕೋ.

ನಾವೆಲ್ಲ ಚೆನ್ನಾಗಿದ್ದೇವೆ. ನಿನ್ನ ಅಳಿಯ ಹೋದ ವಾರ ಮನೆ ಗುಡಿಸುವ ಹುಮ್ಮಸ್ಸಿನಲ್ಲಿ ಹಿಂಬಾಗಿಲ ಹತ್ತಿರವಿರುವ ನಿನ್ನ ರಬ್ಬರ್ ಬೂಟು ತೊಳೆಯಲು ಹೊರಟಿದ್ದರು. ಅದರ ಅಡಿಗೆ ಹೊಳೆಯ ಕೆಸರು ಒಣಗಿ ಹಾಗೇ ಅಂಟಿಕೊಂಡಿದೆ. ನಾನು ಕೂಗಿದ ಕೂಗಿಗೆ ಪಕ್ಕದ ಮನೆಯವರು ಕಿಟಕಿ ತೆರೆದರು. "ಬೂಟು ತಾನೇ, ಕಿರೀಟವೇನಲ್ಲವಲ್ಲ" ಎಂದು ಗೊಣಗಿಕೊಂಡು ಅಲ್ಲೇ ಇಟ್ಟರು, ಪಾಪ. ಹದಿನೈದು ದಿನ ಅಕ್ಕನ ಮನೆಯಲ್ಲಿ ಇದ್ದು ಬರುತ್ತೇನೆ ಎಂದು ಹೋದವನು ನೀನು. ಎರಡು ವರ್ಷವಾಯಿತು. ನಿವೃತ್ತಿಗೆ ಇನ್ನೊಂದು ವರ್ಷ ಇರುವಾಗಲೇ ರಾಜೀನಾಮೆಯ ಚೀಟಿ ಕೊಟ್ಟು ಹೋದೆ. ನಿನ್ನ ಭೂಗೋಳದ ಪಾಠವೂ ನಿನ್ನ ಮೇಜೂ ನನ್ನ ಪಾಲಿಗೆ ಬಂದವು. ಮೇಜಿನ ಎಡಗಡೆಯ ಖಾನೆ ಎಳೆದರೆ ಇವತ್ತಿಗೂ ಬಳಪದ ಪುಡಿ ಮತ್ತು ನಿನ್ನ ಶೀತದ ಮಾತ್ರೆಯ ವಾಸನೆ. ನಾನು ಬೇಕೆಂದೇ ಆಗಾಗ ಎಳೆಯುತ್ತೇನೆ.

ನಿನಗೆ ಗೊತ್ತಿರುವುದನ್ನೇ ಒಮ್ಮೆ ಬರೆದುಬಿಡುತ್ತೇನೆ, ಏಕೆಂದರೆ ನಾವಿಬ್ಬರೂ ಅದನ್ನು ಬಾಯಿ ಬಿಟ್ಟು ಆಡಿದ್ದೇ ಇಲ್ಲ. ನೀನು ವರ್ಷವರ್ಷ ಮಕ್ಕಳನ್ನು ಕರೆದೊಯ್ಯುತ್ತಿದ್ದ ಹೊಳೆ ನಡಿಗೆಯಲ್ಲಿ, ಎರಡು ವರ್ಷದ ಹಿಂದೆ, ತಿರುವಿನ ಬಂಡೆಯ ಮೇಲಿಂದ ನಾವೆಲ್ಲ ಜಿಂಕೆ ಎನ್ನುತ್ತಿದ್ದ ಹುಡುಗಿ ಜಾರಿ ಬಿದ್ದಳು. ಕಾಲು ಎರಡು ಕಡೆ ಮುರಿಯಿತು. ಓಟದಲ್ಲಿ ಇಡೀ ಶಾಲೆಗೆ ಮೊದಲು ಬರುತ್ತಿದ್ದವಳು ಆರು ತಿಂಗಳು ಮಲಗಿದಳು. ವಿಚಾರಣಾ ಸಮಿತಿಯವರು "ಮಗು ಬಿದ್ದಾಗ ನೀವು ಎಲ್ಲಿದ್ದಿರಿ?" ಎಂದು ಕೇಳಿದರೆ ನೀನು "ಹಿಂದೆ ಇದ್ದೆ, ತಪ್ಪು ನನ್ನದು" ಎಂದೆಯಂತೆ. ಅಷ್ಟೇ. ಯಾಕೆ ಹಿಂದಿದ್ದೆ ಎಂದು ಅವರು ಕೇಳಲಿಲ್ಲ, ನೀನು ಹೇಳಲಿಲ್ಲ. ಹೊಳೆ ನಡಿಗೆ ನಿಂತುಹೋಯಿತು. ಮಕ್ಕಳು ಹೊಳೆಯ ಪಾಠವನ್ನು ಗೋಡೆಯ ಪಟ ನೋಡಿ ಕಲಿಯತೊಡಗಿದರು. ಹೋದ ವರ್ಷ ಪರೀಕ್ಷೆಯಲ್ಲಿ ಒಬ್ಬ "ನದಿಯು ನೀಲಿ ಬಣ್ಣದ ಗೆರೆಯಾಗಿದೆ" ಎಂದು ಬರೆದ. ಅಂಕ ಕೊಡುವುದೋ ಅಳುವುದೋ ತಿಳಿಯಲಿಲ್ಲ.

ಅದನ್ನು ಓದಿದ ದಿನವೇ ನಿರ್ಧಾರ ಮಾಡಿದೆ. ನಡಿಗೆಯನ್ನು ಮತ್ತೆ ಶುರು ಮಾಡಬೇಕು, ಆದರೆ ಬೇರೆ ಥರ. ಒಂದು ಆಟ ಮಾಡಿದ್ದೇನೆ ಅಪ್ಪಾ, ಫೋನಿನ ಆಟ. ಮುಖ ಸಿಂಡರಿಸಬೇಡ. ಹೊಳೆ ರೋಗಿ, ಮಕ್ಕಳು ವೈದ್ಯರು. ನಾಲ್ಕು ಮಕ್ಕಳ ತಂಡಕ್ಕೆ ಶಾಲೆಯದೇ ಒಂದು ಫೋನು. ಸೇತುವೆಯಿಂದ ಹೊರಟು ಐದು ತಾಣ. ತಾಣ ತಲುಪಿದರೆ ಫೋನು ಗುಂಯ್‌ಗುಟ್ಟಿ ಬೀಗ ತೆರೆಯುತ್ತದೆ, ಒಳಗೊಂದು ಸವಾಲು. ಕಿತ್ತಳೆ ಸಿಪ್ಪೆ ಹತ್ತು ಮೀಟರ್ ತೇಲಲು ಎಷ್ಟು ಸೆಕೆಂಡು? ಕಲ್ಲು ಮಗುಚಿದರೆ ಅಡಿಯಲ್ಲಿ ಎಷ್ಟು ಬಗೆಯ ಹುಳು? ಅಳೆದು, ಎಣಿಸಿ, ಫೋಟೋ ತೆಗೆದು ಹಾಕಿದರೆ ಅಂಕ. ಕೊನೆಗೆ ಎಲ್ಲ ತಂಡಗಳ ಅಳತೆ ಸೇರಿ ಹೊಳೆಯ ಆರೋಗ್ಯದ ಪಟ್ಟಿ ತಾನೇ ತಯಾರಾಗುತ್ತದೆ. ನಿನ್ನ ಮೂವತ್ತು ವರ್ಷದ ಟಿಪ್ಪಣಿ ಪುಸ್ತಕಗಳನ್ನೂ ಕೂತು ಅದಕ್ಕೆ ತುಂಬಿದೆ. ಒಬ್ಬಳು ತನ್ನ ಅಮ್ಮ ಏಳನೇ ತರಗತಿಯಲ್ಲಿದ್ದ ವರ್ಷ ನೀರು ಎಷ್ಟು ಆಳವಿತ್ತೆಂದು ನೋಡಿ, ಅದನ್ನು ಅಮ್ಮನೇ ಅಳೆದಿದ್ದಳೆಂದು ತಿಳಿದು ಕುಣಿದಾಡಿದಳು. ಗಣಿತದ ಮೇಷ್ಟ್ರು ಮಾತ್ರ "ಮೊದಲೇ ಕೋತಿ, ಅದಕ್ಕೆ ಹೆಂಡ ಬೇರೆ ಕುಡಿಸ್ತಿದ್ದೀರಿ" ಎಂದರು. "ಕಣ್ಣು ನೆಲದ ಮೇಲಿರಲಿ" ಎಂದು ಮೂವತ್ತು ವರ್ಷ ಕೂಗಿದವನು ನೀನು. ನೀನಿದ್ದರೆ ಏನೆನ್ನುತ್ತಿದ್ದೆ ಎಂದು ನನಗೂ ಅಳುಕಿತ್ತು.

ಅಳುಕು ನಿಜವೇ ಆಯಿತು. ತಾಣಗಳನ್ನು ಗುರುತಿಸಲು ನಾನು ಹೊಳೆಗೆ ಹೋಗಲಿಲ್ಲ. ನೀನಿಲ್ಲದೆ ಆ ದಂಡೆಯಲ್ಲಿ ಒಬ್ಬಳೇ ನಡೆಯಲು ಮನಸ್ಸು ಬರಲಿಲ್ಲ, ಹೇಳಿಬಿಡುತ್ತೇನೆ. ಇದೇ ಮಹಡಿ ಕೋಣೆಯಲ್ಲಿ ಕೂತು, ಫೋನಿನ ನಕ್ಷೆಯ ಮೇಲೆ ನಿನ್ನ ಟಿಪ್ಪಣಿ ನೋಡಿಕೊಂಡು ಚುಕ್ಕಿ ಇಟ್ಟೆ. ನಕ್ಷೆಯಲ್ಲಿ ಮರಗಳ ಹಸಿರಿನಡಿ ಆ ತಿರುವೇ ಕಾಣುವುದಿಲ್ಲ. ನಿನ್ನ ಪುಸ್ತಕದಲ್ಲಿ "ಸೇತುವೆಯಿಂದ ತಿರುವಿಗೆ ೬೪೦ ಹೆಜ್ಜೆ" ಎಂದಿತ್ತು. ದೊಡ್ಡವರ ಹೆಜ್ಜೆ ಮುಕ್ಕಾಲು ಮೀಟರ್ ಎಂದುಕೊಂಡು ಗುಣಿಸಿದೆ. ನಾನೂರ ಎಂಬತ್ತು ಮೀಟರ್ ಬಂತು. ಎಂಟು ಮಕ್ಕಳನ್ನು ಕರೆದುಕೊಂಡು ಆಟದ ಪರೀಕ್ಷೆಗೆ ಹೊರಟೆ. ಫೋನು "ಇನ್ನೂ ಮುಂದೆ, ಇನ್ನೂ ಮುಂದೆ" ಎನ್ನುತ್ತಲೇ ಇತ್ತು. ಮಕ್ಕಳು ಫೋನು ನೋಡುತ್ತಾ ನಡೆದರು, ಅವರ ಮುಂದೆ ನಾನೂ ಫೋನು ನೋಡುತ್ತಾ ನಡೆದೆ. ಆನೆಯಷ್ಟು ದೊಡ್ಡ ಬಂಡೆಯನ್ನು ದಾಟಿದ್ದು ಭೂಗೋಳದ ಟೀಚರಿಗೆ ಕಾಣಲಿಲ್ಲ. ಬೀಗ ತೆರೆದದ್ದು ಎಲ್ಲಿ ಗೊತ್ತೇ? ಟೈರ್ ಅಂಗಡಿಯ ಹಿತ್ತಿಲಲ್ಲಿ. "ಇಲ್ಲಿ ನೀರು ಏಕೆ ನಿಧಾನವಾಗಿದೆ?" ಎಂದು ಮಕ್ಕಳು ಪ್ರಶ್ನೆ ಓದಿದರೆ ಪಂಕ್ಚರ್ ಹಾಕುತ್ತಿದ್ದವರು ತಲೆಯೆತ್ತಿ, "ನೀರೇ ಇಲ್ಲ ತಾಯಿ, ನಿಧಾನ ಎಲ್ಲಿಂದ ಬಂತು?" ಎಂದರು. ಅಷ್ಟರಲ್ಲಿ ದೂರದಿಂದ ಒಂದು ಕೂಗು. ಆರನೇ ತರಗತಿಯ ಕಡಲೆ, ಅವಳ ಗಾತ್ರಕ್ಕೆ ಅದೇ ಸರಿಯಾದ ಅಡ್ಡಹೆಸರು, ನಮ್ಮ ವೇಗಕ್ಕೆ ಬರಲಾಗದೆ ಬಂಡೆಯ ಹತ್ತಿರವೇ ನಿಂತಿದ್ದಳು. "ಮಿಸ್, ಇಲ್ಲಿ ನೀರು ಸುಮ್ಮನೆ ನಿಂತ್ಕೊಂಡಿದೆ!" ಸರಿಯಾದ ಉತ್ತರದ ಹತ್ತಿರ ಇದ್ದವಳು ಅವಳೊಬ್ಬಳೇ. ಅವಳು ನೀರಿನಂಚಿನಲ್ಲಿ ಒಬ್ಬಳೇ ನಿಂತಿದ್ದುದನ್ನು ನೋಡಿ ನಾನು ಅವಳತ್ತ ಓಡಿದೆ.

ಮಾರನೆಯ ದಿನ ಒಬ್ಬಳೇ ಹೋಗಿ ಅಳೆದೆ. ಸೇತುವೆಯಿಂದ ತಿರುವಿಗೆ ಮುನ್ನೂರ ಇಪ್ಪತ್ತೇ ಮೀಟರ್. ಅಂದರೆ ನಿನ್ನ ಹೆಜ್ಜೆ ಅರ್ಧ ಮೀಟರ್. ಆರು ಅಡಿ ಎತ್ತರದ ಮನುಷ್ಯನಿಗೆ ಅರ್ಧ ಮೀಟರಿನ ಹೆಜ್ಜೆಯೇ? ಅಪ್ಪನ ಲೆಕ್ಕವೂ ತಪ್ಪುತ್ತದೆ ಎಂದು ಸ್ವಲ್ಪ ಖುಷಿಯೂ ಆಯಿತು, ಸುಳ್ಳೇಕೆ ಹೇಳಲಿ. ಆಮೇಲಿನ ಪರೀಕ್ಷೆಯ ದಿನ ಕಡಲೆಯ ಕೈ ಹಿಡಿದು ನಡೆದೆ. ಅವಳ ಹೆಜ್ಜೆಗೆ ನನ್ನ ಹೆಜ್ಜೆ ಹೊಂದಿಸಿಕೊಂಡು, ಸುಮ್ಮನೆ, ಎಣಿಸುತ್ತಾ ಹೋದೆ. ಬಂಡೆ ಮುಟ್ಟಿದಾಗ ಆರುನೂರ ಮೂವತ್ತೆಂಟು. ಅಲ್ಲೇ ಕೂತುಬಿಟ್ಟೆ. "ಮಿಸ್, ಕಾಲು ನೋಯ್ತಾ?" ಎಂದಳು. ಮೂವತ್ತು ವರ್ಷವೂ ನೀನು ಹೊಳೆಯನ್ನು ಅಳೆದದ್ದು ಎಲ್ಲರಿಗಿಂತ ಹಿಂದುಳಿದ ಮಗುವಿನ ಹೆಜ್ಜೆಯಲ್ಲಿ. ನಾನು ನಿನ್ನ ವಿದ್ಯಾರ್ಥಿನಿಯಾಗಿದ್ದಾಗ "ಎಲ್ಲರ ಅಪ್ಪಂದಿರು ಮುಂದೆ ಹೋಗ್ತಾರೆ, ನೀನ್ಯಾಕೆ ಕೊನೆಗೆ ಬರ್ತೀಯಾ?" ಎಂದು ಸಿಟ್ಟಾಗುತ್ತಿದ್ದೆ. "ಮುಂದಿರೋರಿಗೆ ದಾರಿ ಕಾಣುತ್ತೆ ಕಣೇ, ಕೊನೇಲಿರೋರಿಗೆ ಬರೀ ಬೆನ್ನು ಕಾಣುತ್ತೆ. ಅವರ ಜೊತೆ ಒಬ್ಬರು ಬೇಡವಾ?" ಎನ್ನುತ್ತಿದ್ದೆ ನೀನು. ಆಗ ಕೇಳಿದ್ದು ಈಗ ಅರ್ಥವಾಯಿತು. ನಾನು ಯಾವಾಗಲೂ ತಡ.

ಇದನ್ನು ಜಿಂಕೆಗೆ ಹೇಳಿದೆ. ಹೇಳಲು ಮರೆತೆ, ಆಟದ ಅರ್ಧ ಕೆಲಸ ಅವಳದೇ. ಈಗ ಕಾಲೇಜಿನಲ್ಲಿದ್ದಾಳೆ. ಕಾಲು ಕೊಂಚ ಬಿಗಿ, ಬಾಯಿ ಎಂದಿನಂತೆ ಸಡಿಲ. ಫೋನಿಗೆ ಬುದ್ಧಿ ತುಂಬುವ ಕೆಲಸ ನನಗೆಲ್ಲಿ ಬರುತ್ತದೆ, ಅವಳೇ ಬಂದು ಕೂತು ಮಾಡಿಕೊಟ್ಟಳು. ನಾನು ಹೆಜ್ಜೆಯ ವಿಷಯ ಹೇಳಿ ಮುಗಿಸಿದಾಗ ಅವಳು ಕೈಯಲ್ಲಿದ್ದ ಫೋನನ್ನು ಮಗುಚಿಟ್ಟಳು. ಆಮೇಲೆ ಅಂದಳು: "ತಿರುವಿನ ಹತ್ತಿರ ನಿಲ್ಲಿ ಅಂತ ಸರ್ ಮೂರು ಸಲ ಕೂಗಿದ್ರು ಮಿಸ್. ಕೇಳಿಸ್ಕೊಂಡೇ ಓಡಿದೆ. ಯಾರೂ ನನ್ನ ಕೇಳಲೇ ಇಲ್ಲ. ಆಸ್ಪತ್ರೆಗೆ ಸರ್ ದಿನಾ ಬರೋರು, ಬಾಗಿಲಲ್ಲೇ ನಿಂತು ಹೋಗೋರು. ಹೇಳೋಣ ಅಂದ್ಕೊಳ್ತಿದ್ದೆ, ಧೈರ್ಯ ಬರ್ತಿರಲಿಲ್ಲ." ಅಳುತ್ತಲೇ ಅವಳೊಂದು ಉಪಾಯ ಹೇಳಿದಳು. ಫೋನು ಯಾವಾಗಲೂ ತಂಡದ ಕೊನೆಯವರ ಕೈಯಲ್ಲಿರಬೇಕು. ಅದು ಬರುವವರೆಗೆ ಬೀಗ ತೆರೆಯುವುದಿಲ್ಲ. ಮುಂದೆ ಓಡಿ ಪ್ರಯೋಜನವೇ ಇಲ್ಲ.

ಹಾಗೇ ಮಾಡಿದೆವು. ಇನ್ನೊಂದು ನಿಯಮ ನಾನು ಸೇರಿಸಿದೆ: ತಾಣ ಸೇರಿದ ಕೂಡಲೇ ಮೂರು ನಿಮಿಷ ಫೋನು ಕಪ್ಪಾಗುತ್ತದೆ. ಸುತ್ತ ನೋಡಿದವರಿಗೆ ಮಾತ್ರ ಆಮೇಲಿನ ಪ್ರಶ್ನೆಗೆ ಉತ್ತರ ಹೊಳೆಯುತ್ತದೆ. ಹೋದ ಶನಿವಾರ ಹೊಸ ಆಟದ ಪರೀಕ್ಷೆ ನಡೆಯಿತು. ಕಡಲೆ ಫೋನನ್ನು ಎದೆಗವಚಿಕೊಂಡು ರಾಣಿಯ ಹಾಗೆ ಕೊನೆಯಲ್ಲಿ ಬರುತ್ತಿದ್ದರೆ ದೊಡ್ಡ ಹುಡುಗರು "ಬಾರೇ, ನಿಧಾನ ಬಾ, ಕಲ್ಲಿದೆ ನೋಡ್ಕೋ" ಎಂದು ಕಾದು ನಿಂತಿದ್ದರು. ತಿರುವಿನಲ್ಲಿ ಮೂರು ನಿಮಿಷ ಯಾರೂ ಮಾತಾಡಲಿಲ್ಲ. ನೀರಿನ ಸದ್ದು ಕೇಳಿಸಿತು. ನಾನು ಹಿಂದೆ ತಿರುಗಿ ನೋಡಿದೆ, ಅಭ್ಯಾಸಬಲ. ಹಿಂದೆ ಯಾರೂ ಇರಲಿಲ್ಲ. ಅವತ್ತು ನಿನ್ನ ನೆನಪು ಬಂದ ಹಾಗೆ ಈ ಎರಡು ವರ್ಷದಲ್ಲಿ ಒಂದು ದಿನವೂ ಬಂದಿರಲಿಲ್ಲ ಅಪ್ಪಾ. ಈ ಸಲ ಹೊಳೆಯಲ್ಲಿ ಏಡಿಮರಿ ಜಾಸ್ತಿ. ಐದನೆಯ ತಾಣದಲ್ಲಿ ನೀನು ಬರೆದಿಟ್ಟ ಬಿಳಿ ಗೆರೆಯ ಕಲ್ಲು ಸಿಗಲೇ ಇಲ್ಲ. ನಾವು ತಪ್ಪು ಜಾಗದಲ್ಲಿ ಹುಡುಕುತ್ತಿದ್ದೇವೋ, ನೀರು ಕೊಂಡುಹೋಯಿತೋ, ಹೇಳುವವರು ಇಲ್ಲ.

ದೊಡ್ಡ ಮೇಡಂ ಪರೀಕ್ಷೆಯ ಪಟ್ಟಿ ನೋಡಿ ಒಪ್ಪಿದ್ದಾರೆ. ಇಪ್ಪತ್ತನಾಲ್ಕು, ಶನಿವಾರ, ಬೆಳಗ್ಗೆ ಎಂಟಕ್ಕೆ ಅರವತ್ತು ಮಕ್ಕಳು ಹೊರಡುತ್ತಾರೆ. ಜಿಂಕೆಯೂ ಬರುತ್ತಾಳೆ. ಅತ್ತೆಗೆ ನನ್ನ ನಮಸ್ಕಾರ ಹೇಳು, ಅವರು ಹೊಲಿದು ಕಳಿಸಿದ ರವಿಕೆ ಅಳತೆಗೆ ಸರಿಯಾಗಿದೆ ಎಂದೂ ಹೇಳು. ಮಂಡಿಗೆ ಎಣ್ಣೆ ಹಚ್ಚಿಸಿಕೋ. ಗುಂಡಿಗಳನ್ನು ಅವುಗಳ ಪಾಡಿಗೆ ಬಿಟ್ಟು ಸಂಜೆ ಸ್ವಲ್ಪ ಹೊರಗೆ ಅಡ್ಡಾಡು. ನಿನ್ನ ಪಾದ ಮುಟ್ಟಿ ನಮಸ್ಕರಿಸುವ,

ನಿನ್ನ ಗಡಿಬಿಡಿ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ, ಅಂಚು ಹರಿದಿದ್ದರೆ ಅದಕ್ಕೇ. ಇಷ್ಟು ಪುಟ ತುಂಬಿಸಿ ಬರೆಯಬೇಕಾದದ್ದನ್ನೇ ಬರೆಯಲಿಲ್ಲ. ಸಮಿತಿಯವರು ನನ್ನನ್ನೂ ಒಳಗೆ ಕರೆದು, "ನಿಮ್ಮ ತಂದೆ ಎಲ್ಲಿರಬೇಕಿತ್ತು?" ಎಂದು ಕೇಳಿದ್ದರು. ನಾನು "ಮುಂದೆ ಇರಬೇಕಿತ್ತು" ಎಂದೆ. ಟೀಚರ್ ಕೆಲಸ ಹೊಸದು, ಹೆದರಿದ್ದೆ ಎನ್ನಬಹುದು, ಆದರೆ ಅದು ನೆಪ. ಅವತ್ತು ನನಗೂ ಹಾಗೇ ಅನಿಸಿತ್ತು. ನೀನು ಹೊರಗೆ ಬೆಂಚಿನ ಮೇಲಿದ್ದೆ, ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ನಾನು ಹೊರಬಂದಾಗ ನೀನು "ಮನೆಗೆ ಹೋಗೋಣ್ವಾ?" ಎಂದೆ, ಬೇರೇನೂ ಕೇಳಲಿಲ್ಲ. ಆರನೆಯ ದಿನಕ್ಕೆ ನೀನು ಊರು ಬಿಟ್ಟೆ. ತಪ್ಪಾಯಿತು ಅಪ್ಪಾ. ಮೇಡಂ ಕೊಟ್ಟ ಅನುಮತಿಯ ಹಾಳೆಯಲ್ಲಿ "ಕೊನೆಯಲ್ಲಿ ನಡೆಯುವವರು" ಎಂದು ಒಂದು ಜಾಗ ಇತ್ತು. ಅಲ್ಲಿ ನಿನ್ನ ಹೆಸರು ಬರೆದು ಕೊಟ್ಟುಬಿಟ್ಟಿದ್ದೇನೆ. ನಿನ್ನನ್ನು ಕೇಳದೆ ಬರೆದದ್ದಕ್ಕೆ ಸಿಟ್ಟು ಬಂದರೆ, ಬೈಯುವುದಕ್ಕಾದರೂ ಬಾ.