ಕೀಲಿ ಕೊಟ್ಟೆ, ಪ್ಲಗ್ ಕೊಡಲಿಲ್ಲ

೯ ಜನವರಿ ೧೯೩೪, ಮಂಗಳವಾರ. ಬಿಟ್ಟಂಗಾಲ.

ದಿಂಬಿನ ಕೆಳಗಿಂದ ಪೆಟ್ರೋಲಿನ ವಾಸನೆ ಬರುತ್ತಿದೆ. ಮೋಟಾರ್ ಸೈಕಲ್ಲಿನ ಪ್ಲಗ್ಗನ್ನು ಕರವಸ್ತ್ರದಲ್ಲಿ ಸುತ್ತಿ ಅಲ್ಲಿಟ್ಟಿದ್ದೇನೆ. ಅದಿಲ್ಲದೆ ಎಂಜಿನ್ ಹೊತ್ತಿಕೊಳ್ಳುವುದಿಲ್ಲ. ಮಡಿಕೇರಿಯಲ್ಲಿ ಗಾಡಿಯ ದೀಪ ಕಳವಾದ ಮೇಲೆ, ಶಾಲೆಗಳ ತನಿಖೆಗೆ ಹೋಗಿ ಎಲ್ಲಿ ತಂಗಿದರೂ ಹೀಗೆ. ಜೊತೆಗೆ ಚಕ್ರಕ್ಕೆ ಸರಪಳಿ, ಬೀಗ.

ಸಂಜೆ ಈ ಮನೆಯ ಯಜಮಾನರು ಉತ್ತಯ್ಯನವರು ನಾನು ಹಲಸಿನ ಮರಕ್ಕೆ ಸರಪಳಿ ಸುತ್ತುವುದನ್ನು ನೋಡುತ್ತ ನಿಂತಿದ್ದರು. ಪಕ್ಕದಲ್ಲೇ ಒಣಗಲು ಹರಡಿದ ಕಾಫಿ. ಅದು ರಾತ್ರಿಯೂ ಅಲ್ಲೇ ಇರುತ್ತದೆ.

"ಇದನ್ನ ಕದ್ದವ ಇದರ ಸದ್ದನ್ನ ಎಲ್ಲಿ ಅಡಗಿಸ್ತಾನೆ ಸ್ವಾಮಿ? ವಿರಾಜಪೇಟೆವರೆಗೂ ಕೇಳ್ತದೆ!" ಎಂದು ನಕ್ಕರು. ಆಮೇಲೆ ಕೈ ಚಾಚಿದರು. "ಕೀಲಿ ಕೊಡಿ ಇತ್ತ. ನೆಂಟರ ಕೋವಿ ಕೂಡ ಅವರು ಹೊರಡೋವರೆಗೆ ನಮ್ಮ ಗೋಡೆಯಲ್ಲೇ ಇರೋದು. ಕಾಯೋದು ಮನೆಯವರ ಕೆಲಸ."

ಕೊಟ್ಟೆ. ಕೋವಿಗಳ ಪಕ್ಕ ತೂಗುಹಾಕಿದರು. ಜೇಬಿನಲ್ಲಿದ್ದ ಪ್ಲಗ್ಗಿನ ಮಾತು ಮಾತ್ರ ಬಾಯಿಗೆ ಬರಲಿಲ್ಲ. ಅವರ ಮೇಲೆ ಅನುಮಾನವಿಲ್ಲ. ನಂಬುವ ಅಭ್ಯಾಸ ತಪ್ಪಿಹೋಗಿದೆ, ಅಷ್ಟೆ.

ಈಗ ಕಿಟಕಿಯಿಂದ ನೋಡಿದೆ. ಈ ಚಳಿಯಲ್ಲಿ ಅವರು ಜಗಲಿಯಲ್ಲಿ ಚಾಪೆ ಹಾಸಿ, ಗಾಡಿಯ ಕಡೆ ಮುಖಮಾಡಿ ಮಲಗಿದ್ದಾರೆ. ಕಾಫಿಗಿಲ್ಲದ ಕಾವಲು ಕಬ್ಬಿಣಕ್ಕೇಕೆ ಎಂದು ಹೆಂಡತಿ ಬೊಳ್ಳವ್ವ ಒಳಗಿಂದ ಗೊಣಗಿದ್ದೂ ಕೇಳಿಸಿತು.

ಹೊರಡಲಾರದ ಗಾಡಿಯನ್ನು ಕಾಯುತ್ತಿದ್ದಾರೆ. ಬೆಳಿಗ್ಗೆ ಕೀಲಿ ಕೊಟ್ಟು, ಬೀಳ್ಕೊಡಲು ಎದುರಿಗೇ ನಿಲ್ಲುತ್ತಾರೆ. ಅವರ ಕಣ್ಣೆದುರಿಗೇ ನಾನು ಪ್ಲಗ್ಗನ್ನು ಜೇಬಿನಿಂದ ತೆಗೆಯಬೇಕು. ಈಗಲೇ ಮೆಲ್ಲಗೆ ಹೋಗಿ ಸಿಕ್ಕಿಸಿ ಬರೋಣವೆಂದರೆ, ಈ ಅಂಗಳಕ್ಕೆ ಬಂದ ಮೊದಲ ಕಳ್ಳ ನಾನೇ ಆಗುತ್ತೇನೆ.